ಹಳೆ ಪಿಕಪ್ ತಂದಿದ್ದೀರಾ? ಮೊದಲು ದುರಸ್ತಿ, ಆಮೇಲೆ ಅಪ್‌ಗ್ರೇಡ್

ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಹಳೆ ಪಿಕಪ್‌ಗೆ ಗಿರಾಕಿ ಇಲ್ಲದ ದಿನವಿಲ್ಲ. ತಿಕೋಟಾದ ದ್ರಾಕ್ಷಿ, ಇಂಡಿಯ ನಿಂಬೆ, ಮಹಾಲಿಂಗಪುರದ ಬೆಲ್ಲ, ಬೆಳಗಾವಿಯಿಂದ ಗೋವಾಕ್ಕೆ ಹೋಗುವ ತರಕಾರಿ, ಎಲ್ಲಕ್ಕೂ ಇದೇ ಗಾಡಿ ಬೇಕು. ಹೊಸದರ ಕಂತು ಭಾರ ಅನಿಸಿದವರು ಐದಾರು ವರ್ಷ ಓಡಿದ ಬೊಲೆರೊ ಪಿಕಪ್, ಯೋಧಾ, ದೋಸ್ತ್ ಹುಡುಕುತ್ತಾರೆ. ಅದು ಒಳ್ಳೆಯ ಲೆಕ್ಕವೇ. ಆದರೆ ಗಾಡಿ ತಂದ ವಾರದಲ್ಲೇ ಹಿಂದೆ ಎರಡು ಪಾಟಾ (ಭಾರ ಹೊರುವ ಪಟ್ಟಿ ಸ್ಪ್ರಿಂಗ್) ಜಾಸ್ತಿ ಹಾಕಿಸುತ್ತಾರೆ, ಬಾಡಿ ಎತ್ತರಿಸುತ್ತಾರೆ, ಮುಂದೆ ಎಲ್‌ಇಡಿ ಬಾರ್ ಕಟ್ಟುತ್ತಾರೆ. ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್ ನಡುವಿನ ಗೇರ್) ಆಯಿಲ್ ಯಾವಾಗ ಬದಲಾಗಿದೆ ಅಂತ ಕೇಳಿದರೆ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ನಾನು ಹೇಳುವ ಕ್ರಮ ಇದರ ಉಲ್ಟಾ. ಗಾಡಿ ಕಂಪನಿಯಿಂದ ಹೇಗೆ ಹೊರಬಂದಿತ್ತೋ ಆ ಸ್ಥಿತಿಗೆ ಮೊದಲು ತನ್ನಿ. ಅದಕ್ಕೆ ಖರ್ಚು ಮಾಡಿ ಉಳಿದ ಹಣದಲ್ಲಿ ಅಪ್‌ಗ್ರೇಡ್ ಯೋಚಿಸಿ. ಹಳೆ ಪಿಕಪ್ ಹಾಳಾಗುವುದು ಹೆಚ್ಚಾಗಿ ಮೂರು ಕಾರಣಕ್ಕೆ: ಧೂಳು, ಬಿಸಿ ಮತ್ತು ಮಿತಿ ಮೀರಿದ ಭಾರ. ಮೂರಕ್ಕೂ ಮದ್ದು ಇದೆ.

ದುಡ್ಡು ಕೊಡುವ ಮುಂಚೆ ಕಾಗದ

ಎಂಪರಿವಾಹನ್ ಆಪ್‌ನಲ್ಲಿ ಗಾಡಿ ನಂಬರ್ ಹಾಕಿ. ನೋಂದಣಿ ದಿನಾಂಕ, ಫಿಟ್‌ನೆಸ್, ವಿಮೆ, ಎಮಿಷನ್ ಅವಧಿ, ಸಾಲ ಬಾಕಿ ಇದೆಯೇ ಅನ್ನುವುದು ಅಲ್ಲೇ ಕಾಣುತ್ತದೆ. ಬಾಕಿ ಚಲನ್‌ಗಳನ್ನೂ ನೋಡಿಬಿಡಿ. ಆರ್‌ಸಿಯಲ್ಲಿ ಬ್ಯಾಂಕ್ ಅಥವಾ ಫೈನಾನ್ಸ್ ಹೆಸರು ಇದ್ದರೆ, ಸಾಲ ತೀರಿದ ಪತ್ರ ಮತ್ತು ಸಹಿ ಮಾಡಿದ ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. "ಮುಂದಿನ ವಾರ ತಂದು ಕೊಡ್ತೀನಿ" ಅನ್ನುವ ಮಾತಿನ ಮೇಲೆ ವ್ಯವಹಾರ ಬೇಡ.

ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ಒಂದೇ ರಾಜ್ಯದೊಳಗೆ ಮಾರಾಟವಾದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ಹೆಸರು ಬದಲಾಗದೆ ವರ್ಷಗಟ್ಟಲೆ ಓಡುವ ಗಾಡಿಗಳು ನಮ್ಮಲ್ಲಿ ಬಹಳ. ಅಪಘಾತವಾದ ದಿನ ಹಳೆ ಮಾಲೀಕನೂ ಸಿಕ್ಕಿಕೊಳ್ಳುತ್ತಾನೆ, ಹೊಸಬನಿಗೆ ವಿಮೆ ಹಣವೂ ಕಷ್ಟವಾಗುತ್ತದೆ.

ಗಡಿ ಭಾಗದವರು ಇನ್ನೊಂದು ಗಮನಿಸಿ. ಸೊಲ್ಲಾಪುರ, ಸಾಂಗಲಿ, ಕೊಲ್ಹಾಪುರದಿಂದ ಎಂಎಚ್ 13, ಎಂಎಚ್ 10, ಎಂಎಚ್ 09 ನಂಬರಿನ ಗಾಡಿಗಳು ಇಲ್ಲಿಗೆ ಮಾರಾಟಕ್ಕೆ ಬರುತ್ತವೆ. ರೇಟ್ ಕಡಿಮೆ ಅನಿಸುತ್ತದೆ. ಆದರೆ ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬೇಕು, ಇಲ್ಲಿ ತೆರಿಗೆ ಕಟ್ಟಬೇಕು, ಹೊಸ ನಂಬರ್ ಪಡೆಯಬೇಕು. ಬೇರೆ ರಾಜ್ಯದ ನಂಬರಿನಲ್ಲಿ 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಗಾಡಿ ಇಟ್ಟುಕೊಳ್ಳುವಂತಿಲ್ಲ. ಆ ಖರ್ಚೆಲ್ಲ ಸೇರಿಸಿದ ಮೇಲೆ ಎಷ್ಟು ಉಳಿಯುತ್ತದೆ ಅಂತ ನೋಡಿ ರೇಟ್ ಮಾತಾಡಿ.

ಸರಕು ಗಾಡಿಗೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಫಿಟ್‌ನೆಸ್, ಆಮೇಲೆ ಪ್ರತಿ ವರ್ಷ. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಗಾಡಿಗೂ ಎಚ್‌ಎಸ್‌ಆರ್‌ಪಿ (ಹೆಚ್ಚು ಭದ್ರತೆಯ ನಂಬರ್) ಪ್ಲೇಟ್ ಬೇಕು. ಇನ್ನು ಲೈಸೆನ್ಸ್ ವಿಷಯ: ಒಟ್ಟು ತೂಕ 7,500 ಕೆಜಿ ಒಳಗಿನ ಸರಕು ಗಾಡಿಯನ್ನು ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಇದ್ದವರು ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಪಿಕಪ್‌ಗೆ ಆ ತಕರಾರು ಇಲ್ಲ.

ಗಾಡಿ ನೋಡುವ ದಿನ

ಬೆಳಿಗ್ಗೆ ಹೋಗಿ. ಎಂಜಿನ್ ತಣ್ಣಗಿರಬೇಕು. ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಬಿಸಿ ಎಂಜಿನ್ ತನ್ನ ತೊಂದರೆಯನ್ನು ಮುಚ್ಚಿಡುತ್ತದೆ.

ಮೊದಲು ಡಿಪ್‌ಸ್ಟಿಕ್ ತೆಗೆಯಿರಿ. ಡೀಸೆಲ್ ಎಂಜಿನ್‌ನಲ್ಲಿ ಆಯಿಲ್ ಕಪ್ಪಗಿರುವುದು ಸಹಜ, ಅದಕ್ಕೆ ಹೆದರಬೇಡಿ. ಹಾಲು ಬೆರೆಸಿದ ಚಹಾದ ಬಣ್ಣ ಇದ್ದರೆ ನೀರು ಸೇರಿದೆ ಅಂತ ಅರ್ಥ, ಅಲ್ಲಿಂದಲೇ ಹಿಂತಿರುಗಿ. ಮಟ್ಟ ಮೇಲಿನ ಗೆರೆಗಿಂತ ಜಾಸ್ತಿ ಇದ್ದು ಡೀಸೆಲ್ ವಾಸನೆ ಬಂದರೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಕಡೆ ಅನುಮಾನ ಪಡಿ.

ಸ್ಟಾರ್ಟ್ ಮಾಡಿ ಹೊಗೆ ನೋಡಿ. ಎಂಜಿನ್ ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿರಬಹುದು, ಅಥವಾ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್, ಟರ್ಬೊ (ಎಂಜಿನ್‌ಗೆ ಜಾಸ್ತಿ ಗಾಳಿ ತುಂಬುವ ಭಾಗ) ಪೈಪ್, ಇಂಜೆಕ್ಟರ್ ನೋಡಬೇಕು. ಇವುಗಳಲ್ಲಿ ಕಪ್ಪು ಹೊಗೆ ಸ್ವಲ್ಪ ಅಗ್ಗದ ರೋಗ. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿ (ರೇಸ್ ಕೊಡದೆ) ಓಡುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ ಅದರ ಮೇಲೆಯೇ ಇಡಿ. ಸ್ವಲ್ಪ ಅಲುಗಾಡಿದರೆ ಸರಿ. ಒಳಗಿನ ಗಾಳಿ ಮುಚ್ಚಳವನ್ನೇ ಎತ್ತಿ ಬಿಸಾಡಿ ಹೊಗೆ ಉಗುಳಿದರೆ ಪಿಸ್ಟನ್ ರಿಂಗ್ ಸವೆದಿವೆ, ಎಂಜಿನ್ ಬೋರ್‌ಗೆ (ಬಿಚ್ಚಿ ಸಿಲಿಂಡರ್ ಕೊರೆಸುವ ಹಂತಕ್ಕೆ) ಬಂದಿದೆ.

ಆಮೇಲೆ ಟಾರ್ಚ್ ಹಿಡಿದು ಗಾಡಿ ಕೆಳಗೆ ಮಲಗಿ. ಇದನ್ನು ಬಿಡಲೇಬೇಡಿ. ಹಿಂದಿನ ಪಾಟಾ ಚಾಸಿಗೆ ಕೂಡುವ ಬ್ರಾಕೆಟ್‌ಗಳ ಸುತ್ತ, ಕ್ಯಾಬಿನ್ ಹಿಂದೆ ಬಾಡಿ ಶುರುವಾಗುವ ಜಾಗದಲ್ಲಿ ಚಾಸಿ ಮೇಲೆ ಬೆಳಕು ಬಿಡಿ. ಕೂದಲೆಳೆಯಂಥ ಬಿರುಕು, ಅದರ ಉದ್ದಕ್ಕೂ ತುಕ್ಕಿನ ಗೆರೆ, ಹೊಸ ಪೇಂಟ್ ಕೆಳಗೆ ವೆಲ್ಡಿಂಗ್ ಉಬ್ಬು ಕಂಡರೆ ಆ ಗಾಡಿ ಬಹಳ ಭಾರ ಹೊತ್ತಿದೆ. ರಸಗೊಬ್ಬರ, ಉಪ್ಪು ಸಾಗಿಸಿದ ಗಾಡಿಯಾದರೆ ಬಾಡಿಯ ಅಡ್ಡಪಟ್ಟಿಗಳನ್ನು ಸ್ಕ್ರೂಡ್ರೈವರ್ ಹಿಡಿಕೆಯಿಂದ ತಟ್ಟಿ ನೋಡಿ. ಗಟ್ಟಿ ಕಬ್ಬಿಣದ ಸದ್ದು ಬೇರೆ, ಒಳಗೆ ತಿಂದುಹೋದ ಕಬ್ಬಿಣದ ಸದ್ದು ಬೇರೆ.

ಚಾಸಿ ನಂಬರ್ ಮತ್ತು ಎಂಜಿನ್ ನಂಬರ್ ಆರ್‌ಸಿಗೆ ಅಕ್ಷರ ಅಕ್ಷರ ಹೋಲಿಸಿ. ಕಿಲೋಮೀಟರ್ ಮೀಟರ್ ನಂಬಿ ಕೂರಬೇಡಿ. ಕ್ಲಚ್ ಪೆಡಲ್ ರಬ್ಬರ್, ಸ್ಟೀರಿಂಗ್ ಹೊಳಪು, ಡ್ರೈವರ್ ಸೀಟಿನ ತಗ್ಗು ನಿಜ ಹೇಳುತ್ತವೆ.

ಮೊದಲ ವಾರ: ಎಲ್ಲ ಆಯಿಲ್, ಎಲ್ಲ ಫಿಲ್ಟರ್

ಹಿಂದಿನ ಮಾಲೀಕ "ಮೊನ್ನೆ ತಾನೇ ಸರ್ವಿಸ್ ಮಾಡಿಸಿದ್ದೀನಿ" ಅಂದರೂ ಬಿಲ್ ಇಲ್ಲದಿದ್ದರೆ ಮಾಡಿಸಿಲ್ಲ ಅಂತಲೇ ತಿಳಿಯಿರಿ. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಗೇರ್ ಆಯಿಲ್, ಡಿಫರೆನ್ಷಿಯಲ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಎಲ್ಲವನ್ನೂ ಒಂದೇ ಸಲ ಬದಲಿಸಿ. ಫ್ಯಾನ್ ಬೆಲ್ಟ್ ಬಿರುಕು ಬಿಟ್ಟಿದ್ದರೆ ಅದೂ ಹೋಗಲಿ. ನಿಮ್ಮ ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಇದ್ದು ಅದರ ದಾಖಲೆ ಇಲ್ಲದಿದ್ದರೆ ಕಾಯಬೇಡಿ. ಅದು ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ ಬಿಚ್ಚುವ ಕೆಲಸ ಬರುತ್ತದೆ.

ಹಳೆ ಆಯಿಲ್ ಇಳಿಸುವಾಗ ಪಕ್ಕದಲ್ಲೇ ನಿಲ್ಲಿ. ಗೇರ್ ಬಾಕ್ಸ್, ಡಿಫರೆನ್ಷಿಯಲ್‌ನ ಡ್ರೇನ್ ಬೋಲ್ಟ್‌ಗೆ ಹೆಚ್ಚಾಗಿ ಅಯಸ್ಕಾಂತ ಇರುತ್ತದೆ. ಅದಕ್ಕೆ ಬೂದು ಬಣ್ಣದ ನುಣ್ಣನೆ ಪುಡಿ ಅಂಟಿದ್ದರೆ ಸಾಮಾನ್ಯ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಹಲ್ಲೋ ಬೇರಿಂಗೋ ಒಡೆಯುತ್ತಿದೆ. ಈಗಲೇ ಬಿಚ್ಚಿಸಿದರೆ ಖರ್ಚು ಚಿಕ್ಕದು.

ಆಯಿಲ್ ಗ್ರೇಡ್ ವಿಷಯದಲ್ಲಿ ಅಂಗಡಿಯವರ ಮಾತಿಗಿಂತ ಗಾಡಿಯ ಮ್ಯಾನುಯಲ್ ದೊಡ್ಡದು. ಹಳೆ ಬಿಎಸ್ 3, ಬಿಎಸ್ 4 (ಸರ್ಕಾರದ ಹೊಗೆ ಮಿತಿಯ ಹಂತಗಳು) ಡೀಸೆಲ್‌ಗಳಲ್ಲಿ 15ಡಬ್ಲ್ಯು-40 ಗ್ರೇಡ್ ಸಾಮಾನ್ಯ. 2020ರ ಏಪ್ರಿಲ್ ನಂತರದ ಬಿಎಸ್ 6 ಗಾಡಿಯಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವುದರಿಂದ ಬೂದಿ ಕಡಿಮೆ ಬಿಡುವ ಆಯಿಲ್ ಬೇಕು. ಅಗ್ಗಕ್ಕೆ ಸಿಕ್ಕಿತು ಅಂತ ಹಳೆ ಗ್ರೇಡ್ ಹಾಕಿದರೆ ಆ ಬೂದಿಯೆಲ್ಲ ಡಿಪಿಎಫ್‌ನಲ್ಲಿ ಕೂರುತ್ತದೆ. ಡಿಪಿಎಫ್ ತನ್ನೊಳಗಿನ ಮಸಿ ಸುಡಲು ಸೈಲೆನ್ಸರ್ ಚೆನ್ನಾಗಿ ಬಿಸಿಯಾಗಬೇಕು. ದಿನವೂ ಹೊಲದಿಂದ ಊರಿಗೆ ಅಷ್ಟೇ ಓಡಿಸುವವರು ಆಗಾಗ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ. ಮೀಟರ್ ಹತ್ತಿರ ಡಿಪಿಎಫ್ ದೀಪ ಹತ್ತಿದರೆ ಅಲಕ್ಷ್ಯ ಬೇಡ. ಡಿಪಿಎಫ್ ಕಿತ್ತು ಹಾಕುತ್ತೇವೆ ಅನ್ನುವ ಗ್ಯಾರೇಜಿಗೆ ಹೋಗಲೇಬೇಡಿ. ಅದು ಕಾನೂನಿಗೆ ವಿರುದ್ಧ, ಎಮಿಷನ್ ಪರೀಕ್ಷೆಯಲ್ಲೂ ತೊಂದರೆ. ಡಿಇಎಫ್ (ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ದ್ರವ) ಹಾಕುವ ಗಾಡಿಯಾದರೆ ಅದಕ್ಕೆ ನೀರು ಬೆರೆಸಬೇಡಿ.

ಒಂದು ನೋಟ್‌ಬುಕ್ ಗಾಡಿಯಲ್ಲೇ ಇರಲಿ. ಏನು ಬದಲಾಯಿತು, ಯಾವ ದಿನ, ಎಷ್ಟು ಕಿಲೋಮೀಟರಿಗೆ, ಅಷ್ಟೇ ಬರೆಯಿರಿ. ನಾಳೆ ನೀವು ಮಾರುವಾಗ ಆ ಪುಸ್ತಕಕ್ಕೂ ಬೆಲೆ ಸಿಗುತ್ತದೆ.

ಧೂಳು

ನಮ್ಮ ಭಾಗದಲ್ಲಿ ಎಂಜಿನ್ ತಿನ್ನುವುದು ಧೂಳು. ಬಬಲೇಶ್ವರ, ಸಿಂದಗಿ ಕಡೆ ಬೇಸಿಗೆಯ ಹೊಲದ ದಾರಿ ನೆನಪಿಸಿಕೊಳ್ಳಿ. ಮುಂದೆ ಟ್ರ್ಯಾಕ್ಟರ್ ಹೋಗುತ್ತಿದ್ದರೆ ಹಿಂದಿನ ಗಾಡಿ ಕಾಣುವುದೇ ಇಲ್ಲ. ಆ ಗಾಳಿಯನ್ನೇ ನಿಮ್ಮ ಎಂಜಿನ್ ಎಳೆದುಕೊಳ್ಳುತ್ತದೆ. ಕಂಪನಿ ಹೇಳಿದ ಏರ್ ಫಿಲ್ಟರ್ ಅವಧಿ ಡಾಂಬರು ರಸ್ತೆಗೆ. ಹೊಲದ ದಾರಿ ಜಾಸ್ತಿ ಇದ್ದರೆ ಅದರ ಅರ್ಧಕ್ಕೇ ಬದಲಿಸಿ.

ಎಲ್ಲರೂ ಮಾಡುವ ಕೆಲಸ ಅಂದರೆ ಫಿಲ್ಟರ್ ತೆಗೆದು ಬಾನೆಟ್‌ಗೆ ಬಡಿಯುವುದು, ಇಲ್ಲವೇ ಪಂಕ್ಚರ್ ಅಂಗಡಿಯ ಗಾಳಿ ಪೈಪನ್ನು ಹತ್ತಿರ ಹಿಡಿದು ಊದುವುದು. ಬಡಿದರೆ ಅಂಚಿನ ರಬ್ಬರ್ ಸೊಟ್ಟಗಾಗುತ್ತದೆ. ಜೋರು ಗಾಳಿಗೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಊದಲೇಬೇಕಿದ್ದರೆ ಒಳಗಿನಿಂದ ಹೊರಗೆ, ಕಡಿಮೆ ಒತ್ತಡದಲ್ಲಿ, ದೂರದಿಂದ ಊದಿ. ಒಂದೆರಡು ಸಲ ಸಾಕು. ಆಮೇಲೆ ಹೊಸದು ಹಾಕಿ. ಫಿಲ್ಟರ್ ಬೆಲೆಯನ್ನು ಟರ್ಬೊ ಬೆಲೆಯ ಪಕ್ಕದಲ್ಲಿಟ್ಟು ನೋಡಿದರೆ ಯಾರೂ ಚೌಕಾಸಿ ಮಾಡುವುದಿಲ್ಲ.

ಫಿಲ್ಟರ್ ಹೊಸದಾಗಿದ್ದರೂ ಧೂಳು ಒಳಗೆ ಹೋಗುವ ಇನ್ನೊಂದು ದಾರಿ ಇದೆ. ಏರ್ ಫಿಲ್ಟರ್ ಡಬ್ಬಿಯಿಂದ ಟರ್ಬೊಗೆ ಹೋಗುವ ರಬ್ಬರ್ ಪೈಪ್ ಅದು. ಎಂಜಿನ್ ನಿಲ್ಲಿಸಿ ಅದರ ಕ್ಲಾಂಪ್ ಸಡಿಲಿಸಿ. ಬಿಳಿ ಬಟ್ಟೆಯನ್ನು ಬೆರಳಿಗೆ ಸುತ್ತಿ ಪೈಪಿನ ಒಳಗೋಡೆಯ ಮೇಲೆ ಒಂದು ಸುತ್ತು ತಿರುಗಿಸಿ. ಬಟ್ಟೆ ಮೇಲೆ ತೆಳ್ಳಗೆ ಎಣ್ಣೆ ಅಂಟಿದರೆ ಚಿಂತೆಯಿಲ್ಲ. ಕೆಂಪಗೋ ಬೂದಿಯಂತೆಯೋ ಮಣ್ಣು ಬಂದರೆ ಫಿಲ್ಟರ್ ದಾಟಿ ಧೂಳು ಒಳಗೆ ಹೋಗುತ್ತಿದೆ. ಪೈಪನ್ನು ಬಗ್ಗಿಸಿ ಮಡಿಕೆಗಳ ನಡುವೆ ನೋಡಿ, ಸೀಳು ಅಲ್ಲೇ ಅಡಗಿರುತ್ತದೆ. ನೇರವಾಗಿ ಹಿಡಿದಾಗ ಕಾಣುವುದಿಲ್ಲ. ಆ ಸೀಳಿಗೆ ಇನ್ಸುಲೇಷನ್ ಟೇಪ್ ಸುತ್ತಿದ ಗಾಡಿಗಳನ್ನು ಬಹಳ ನೋಡಿದ್ದೇನೆ. ಎಂಜಿನ್ ಬಿಸಿಗೆ ಟೇಪ್ ಬಿಚ್ಚಿಕೊಳ್ಳುತ್ತದೆ. ಹೊಸ ಪೈಪ್, ಹೊಸ ಕ್ಲಾಂಪ್ ಹಾಕಿ.

ಟರ್ಬೊ ಇರುವ ಗಾಡಿಗೆ ಇನ್ನೆರಡು ಅಭ್ಯಾಸ ಬೇಕು. ಸ್ಟಾರ್ಟ್ ಮಾಡಿದ ತಕ್ಷಣ ರೇಸ್ ಕೊಡಬೇಡಿ, ಅರ್ಧ ನಿಮಿಷ ಬಿಡಿ. ಭಾರ ಎಳೆದು ಬಂದು ನಿಲ್ಲಿಸುವಾಗಲೂ ಒಂದು ನಿಮಿಷ ಐಡಲ್‌ನಲ್ಲಿ ಓಡಲಿ. ಬಿಸಿ ಟರ್ಬೊದಲ್ಲಿ ಆಯಿಲ್ ನಿಂತುಬಿಟ್ಟರೆ ಅಲ್ಲೇ ಸುಟ್ಟು ಕರಿಯಾಗುತ್ತದೆ.

ಡೀಸೆಲ್ ಫಿಲ್ಟರ್ ಕೆಳಗಿನ ನೀರು ತೆಗೆಯುವ ಬೋಲ್ಟ್ ತಿಂಗಳಿಗೊಮ್ಮೆ ಸಡಿಲಿಸಿ. ಹೊಲದಲ್ಲಿ ಕ್ಯಾನಿನಿಂದ ಡೀಸೆಲ್ ಹಾಕುವವರು ಇನ್ನೂ ಬೇಗ ಮಾಡಬೇಕು. ಜೋರು ಒತ್ತಡದಲ್ಲಿ ಡೀಸೆಲ್ ಬಿಡುವ ಕಾಮನ್ ರೇಲ್ ಇಂಜೆಕ್ಟರ್‌ಗಳಿಗೆ ನೀರು ಮತ್ತು ಕಸ ಎರಡೂ ವಿಷ.

ಬಿಸಿಲು ಮತ್ತು ಸವಳು ನೀರು

ಏಪ್ರಿಲ್, ಮೇನಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಅದರಲ್ಲಿ ಲೋಡ್ ತುಂಬಿದ ಗಾಡಿ ಬಿಸಿಯಾದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಇದಕ್ಕೆ ಮುಖ್ಯ ಕಾರಣ ರೇಡಿಯೇಟರ್‌ಗೆ ಬೋರ್‌ವೆಲ್ ನೀರು ತುಂಬುವುದು. ನಮ್ಮ ಸವಳು ನೀರಿನಲ್ಲಿರುವ ಸುಣ್ಣ, ಉಪ್ಪು ಒಳಗಿನ ಸಣ್ಣ ನಳಿಕೆಗಳಲ್ಲಿ ಪದರ ಕಟ್ಟುತ್ತವೆ. ಮನೆಯ ವಾಟರ್ ಹೀಟರ್ ಕಾಯಿಲ್ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಹಳೆ ನೀರು ಪೂರ್ತಿ ಇಳಿಸಿ, ಒಳಗೆಲ್ಲ ತೊಳೆದು, ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರನ್ನು ಅರ್ಧರ್ಧ ಹಾಕಿ. ರೆಡಿಮಿಕ್ಸ್ ತಂದರೆ ಇನ್ನೂ ಸುಲಭ, ಅದಕ್ಕೆ ನೀರು ಬೆರೆಸಬಾರದು. ಬೇರೆ ಬೇರೆ ಬಣ್ಣದ ಕೂಲೆಂಟ್ ಬೆರೆಸಬೇಡಿ. ರೇಡಿಯೇಟರ್ ಹೊರಗಿನ ಜಾಲರಿಯಲ್ಲಿ ಧೂಳು, ಹುಳ, ಹತ್ತಿಯ ಎಳೆ ಸಿಕ್ಕಿರುತ್ತವೆ. ಎಂಜಿನ್ ಕಡೆಯಿಂದ ಹೊರಗೆ ಬರುವಂತೆ ಸಣ್ಣ ಒತ್ತಡದಲ್ಲಿ ನೀರು ಬಿಡಿ. ವಾಷಿಂಗ್ ಸೆಂಟರ್‌ನ ಜೋರು ನೀರಿಗೆ ತೆಳು ಫಿನ್‌ಗಳು ಮಡಚಿಕೊಂಡು ಗಾಳಿ ಹೋಗುವ ದಾರಿಯೇ ಮುಚ್ಚುತ್ತದೆ.

"ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ಯಾಕೆ, ತೆಗೆದು ಬಿಸಾಕಿ" ಅನ್ನುವ ಮೇಸ್ತ್ರಿಗಳಿದ್ದಾರೆ. ಒಪ್ಪಬೇಡಿ. ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡದ ವಾಲ್ವ್ ಅದು. ಅದಿಲ್ಲದಿದ್ದರೆ ಎಂಜಿನ್ ಸರಿಯಾದ ಬಿಸಿಗೆ ಬರುವುದು ತಡವಾಗುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಜಾಸ್ತಿ. ಕೆಟ್ಟಿದ್ದರೆ ಹೊಸದು ಹಾಕಿ. ರೇಡಿಯೇಟರ್ ಮುಚ್ಚಳದ ರಬ್ಬರ್ ಗಟ್ಟಿಯಾಗಿದ್ದರೆ ಅದನ್ನೂ ಬದಲಿಸಿ, ಒತ್ತಡ ಹಿಡಿಯದಿದ್ದರೆ ನೀರು ಬೇಗ ಕುದಿಯುತ್ತದೆ. ಬಿಸಿ ಎಂಜಿನ್‌ನ ಮುಚ್ಚಳ ಮಾತ್ರ ಎಂದಿಗೂ ತೆಗೆಯಬೇಡಿ. ಮುಖ, ಕೈ ಸುಟ್ಟುಕೊಂಡವರು ನಮ್ಮ ಊರುಗಳಲ್ಲೇ ಇದ್ದಾರೆ.

ಎರೆ ಮಣ್ಣಿನ ಕೆಸರು

ಮಳೆಗಾಲದಲ್ಲಿ ಎರೆ ಹೊಲಕ್ಕೆ ಇಳಿದು ಬಂದ ಗಾಡಿಯನ್ನು ಅವತ್ತೇ ತೊಳೆಯಿರಿ. ಒಣಗಿದ ಎರೆ ಮಣ್ಣು ಕಲ್ಲಾಗುತ್ತದೆ. ಚಕ್ರದ ಒಳಬದಿಗೆ ಮೆತ್ತಿಕೊಂಡು ಬ್ಯಾಲೆನ್ಸ್ ಕೆಡಿಸುತ್ತದೆ, ಸ್ಟೀರಿಂಗ್ ನಡುಗುತ್ತದೆ. ಜನ ಅದನ್ನು ಅಲೈನ್‌ಮೆಂಟ್ ತೊಂದರೆ ಅಂದುಕೊಂಡು ಸುಮ್ನೆ ದುಡ್ಡು ಕೊಡುತ್ತಾರೆ.

ಹಿಂದಿನ ಆಕ್ಸಲ್ ಮೇಲೆ ಉಗುರಿನಷ್ಟು ದೊಡ್ಡ ಮುಚ್ಚಳವಿರುವ ಒಂದು ಸಣ್ಣ ಬ್ರೀದರ್ ಇರುತ್ತದೆ. ಡಿಫರೆನ್ಷಿಯಲ್ ಬಿಸಿಯಾದಾಗ ಒಳಗಿನ ಗಾಳಿ ಅಲ್ಲಿಂದ ಹೊರಗೆ ಹೋಗಬೇಕು. ಕೆಸರು ಕೂತು ಅದು ಮುಚ್ಚಿದರೆ ಒಳಗಿನ ಒತ್ತಡ ಆಯಿಲನ್ನು ಸೀಲ್‌ಗಳ ಮೂಲಕ ತಳ್ಳುತ್ತದೆ. ಆ ಆಯಿಲ್ ಬ್ರೇಕ್ ಲೈನಿಂಗ್ ಮೇಲೆ ಬೀಳುತ್ತದೆ. ಸೀಲ್ ಬದಲಿಸಿ, ಲೈನರ್ ಬದಲಿಸಿ, ಮತ್ತೆ ಅದೇ ಲೀಕ್ ಅಂತ ತಲೆ ಕೆಡಿಸಿಕೊಳ್ಳುವ ಮುಂಚೆ ಈ ಮುಚ್ಚಳವನ್ನು ಬೆರಳಿನಿಂದ ಒಂದು ಸಲ ತಿರುಗಿಸಿ ನೋಡಿ. ಸಡಿಲವಾಗಿ ಆಡಬೇಕು.

ಪ್ರೊಪೆಲ್ಲರ್ ಶಾಫ್ಟ್ ಕ್ರಾಸ್, ಪಾಟಾ ಪಿನ್, ಸ್ಟೀರಿಂಗ್ ಜಾಯಿಂಟ್‌ಗಳಲ್ಲಿ ನಿಪ್ಪಲ್ ಇದ್ದರೆ ಗ್ರೀಸ್ ಹೊಡೆಸಿ. ಹಳೆ ಗ್ರೀಸ್ ಹೊರಗೆ ಬರುವವರೆಗೆ ಹೊಡೆಯಬೇಕು. ಡೋಣಿ ನದಿಯ ಕಡೆಯವರು ಹಳ್ಳದ ನೀರಲ್ಲಿ ಚಕ್ರ ಮುಳುಗುವಂತೆ ದಾಟಿದ್ದರೆ ವೀಲ್ ಬೇರಿಂಗ್ ತೆರೆಸಿ, ಡಿಫರೆನ್ಷಿಯಲ್ ಆಯಿಲ್ ಬಣ್ಣವನ್ನೂ ನೋಡಿಸಿ. ತುಕ್ಕು ಬರದಿರಲಿ ಅಂತ ಸುಟ್ಟ ಎಂಜಿನ್ ಆಯಿಲನ್ನು ಚಾಸಿಗೆ ಸಿಂಪಡಿಸುವ ರೂಢಿ ಇದೆ. ಅದು ರಬ್ಬರ್ ಬುಷ್‌ಗಳನ್ನು ಹಾಳು ಮಾಡುತ್ತದೆ, ಧೂಳನ್ನೂ ಹಿಡಿದಿಡುತ್ತದೆ. ವೈರ್ ಬ್ರಷ್‌ನಿಂದ ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಮೇಲೆ ಪೇಂಟ್ ಹಾಕಿಸಿ.

ಪಾಟಾ ಹೆಚ್ಚಿಸುವ ಮುಂಚೆ ಇದನ್ನು ಓದಿ

ಈ ಬರಹ ಬರೆಯಲು ಮುಖ್ಯ ಕಾರಣವೇ ಇದು. ಬಹಳಷ್ಟು ಪಿಕಪ್‌ಗಳ ಹಿಂದಿನ ಆಕ್ಸಲ್ ಹತ್ತಿರ ಚಾಸಿಗೆ ಕೂರಿಸಿದ ಒಂದು ಸಣ್ಣ ವಾಲ್ವ್ ಇರುತ್ತದೆ. ಅದರಿಂದ ಆಕ್ಸಲ್‌ಗೆ ಒಂದು ಕಡ್ಡಿ ಅಥವಾ ಸ್ಪ್ರಿಂಗ್ ಜೋಡಿಸಿರುತ್ತಾರೆ. ಮೇಸ್ತ್ರಿಗಳು ಎಲ್‌ಎಸ್‌ಪಿವಿ ಅನ್ನುತ್ತಾರೆ. ಲೋಡ್ ಬಿದ್ದಾಗ ಬಾಡಿ ಕೆಳಗಿಳಿಯುತ್ತದೆ, ಚಾಸಿ ಮತ್ತು ಆಕ್ಸಲ್ ನಡುವಿನ ಅಂತರ ಕಡಿಮೆಯಾಗುತ್ತದೆ. ಆಗ ಈ ವಾಲ್ವ್ ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಬಿಡುತ್ತದೆ. ಗಾಡಿ ಖಾಲಿ ಇದ್ದಾಗ ಹಿಂದಿನ ಚಕ್ರ ಲಾಕ್ ಆಗಿ ಜಾರಬಾರದು ಅಂತ ಒತ್ತಡ ಕಡಿಮೆ ಮಾಡುತ್ತದೆ.

ನೀವು ಎರಡು ಪಾಟಾ ಸೇರಿಸಿದಿರಿ ಅಂದುಕೊಳ್ಳಿ. ಹಿಂಭಾಗ ಎತ್ತರವಾಯಿತು, ಗಟ್ಟಿಯಾಯಿತು. ಲೋಡ್ ಹಾಕಿದರೂ ಮೊದಲಿನಷ್ಟು ಇಳಿಯುವುದಿಲ್ಲ. ವಾಲ್ವ್ ಗಾಡಿ ಖಾಲಿ ಇದೆ ಅಂತಲೇ ತಿಳಿಯುತ್ತದೆ. ಭಾರ ಜಾಸ್ತಿ ಹೊತ್ತ ಗಾಡಿಗೆ ಹಿಂದಿನ ಬ್ರೇಕ್ ಕಡಿಮೆ! ಮುಂದಿನ ಡಿಸ್ಕ್ ಒಂದೇ ಎಲ್ಲ ಭಾರ ತಡೆಯಬೇಕು. ಪ್ಯಾಡ್ ಬೇಗ ಮುಗಿಯುತ್ತದೆ, ಇಳಿಜಾರಿನಲ್ಲಿ ಕಾದು ಬ್ರೇಕ್ ಹಿಡಿಯುವುದೇ ಇಲ್ಲ. ಪಾಟಾ ಹಾಕಿದವರಲ್ಲಿ ಈ ವಾಲ್ವ್ ಮತ್ತೆ ಸೆಟ್ ಮಾಡಿಸಿದವರು ನನಗೆ ಸಿಕ್ಕಿದ್ದು ತೀರಾ ಕಡಿಮೆ.

ದ್ರಾಕ್ಷಿ ಸಾಗಿಸುವವರಿಗೆ ಇನ್ನೊಂದು ನಷ್ಟ ಇದೆ. ಗಟ್ಟಿ ಪಾಟಾ ಇರುವ ಗಾಡಿ ಅರ್ಧ ಲೋಡ್‌ನಲ್ಲಿ ಕುಣಿಯುತ್ತದೆ. ಕ್ರೇಟಿನ ತಳದ ಹಣ್ಣು ಒಡೆದು ರಸ ಸುರಿಯುತ್ತದೆ, ಮಾರುಕಟ್ಟೆಯಲ್ಲಿ ರೇಟ್ ಬೀಳುತ್ತದೆ. ಒಳ್ಳೆಯ ಹಣ್ಣಿನ ಬಾಡಿಗೆ ಬೇಕಾದರೆ ಮೆತ್ತಗಿನ ಸಸ್ಪೆನ್ಷನ್, ಹೊಸ ಶಾಕ್ ಅಬ್ಸಾರ್ಬರ್, ಸರಿಯಾದ ಗಾಳಿ ಬೇಕು.

ಪಾಟಾ ನಿಜವಾಗಿ ಕುಸಿದಿದ್ದರೆ ಕಂಪನಿ ಹೇಳಿದ ಅಳತೆಯ ಹೊಸ ಸೆಟ್ ಹಾಕಿ. ಪಾಟಾವನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್‌ಗಳನ್ನು ಹೊಸದೇ ಹಾಕಿ, ಮೊದಲ ಲೋಡ್ ಓಡಿಸಿ ಬಂದ ಮೇಲೆ ಮತ್ತೊಮ್ಮೆ ಬಿಗಿ ಮಾಡಿಸಿ. ಅವು ಸಡಿಲವಾದರೆ ನಡುವಿನ ಬೋಲ್ಟ್ ತುಂಡಾಗಿ ಆಕ್ಸಲ್ ಜಾಗ ಬಿಟ್ಟು ಸರಿಯುತ್ತದೆ.

ಇನ್ನು ತೂಕದ ಲೆಕ್ಕ. ಆರ್‌ಸಿಯಲ್ಲಿರುವ ಒಟ್ಟು ತೂಕದಿಂದ ಖಾಲಿ ತೂಕ ಕಳೆಯಿರಿ, ಉಳಿದದ್ದೇ ನೀವು ಹೊರಬಹುದಾದ ಲೋಡ್. ಗಾಡಿಯ ಬಾಡಿ ಮೇಲೆ ಹೊಸ ಕಬ್ಬಿಣ ಹಾಕಿಸಿದ ಮೇಲೆ ಖಾಲಿ ಗಾಡಿಯನ್ನು ವೇ ಬ್ರಿಡ್ಜ್‌ಗೆ ಒಯ್ದು ತೂಗಿಸಿ. ಜಾಲರಿ, ದಪ್ಪ ಚೆಕ್ಕರ್ ಶೀಟ್, ಮೇಲಿನ ಕ್ಯಾರಿಯರ್ ಸೇರಿ 150 ಕೆಜಿ ಆದರೆ, ಪ್ರತಿ ಟ್ರಿಪ್ಪಿಗೂ ಮೂರು 50 ಕೆಜಿ ಚೀಲದ ಬಾಡಿಗೆ ಬಿಟ್ಟ ಹಾಗೆ. ಓವರ್‌ಲೋಡ್‌ಗೆ 2019ರ ತಿದ್ದುಪಡಿಯ ನಂತರ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಜಾಸ್ತಿ ಇರುವ ಪ್ರತಿ ಟನ್ನಿಗೆ 2,000 ಸೇರಿ ಬರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿಯ ಮೂಲ ವಿನ್ಯಾಸ ಬದಲಾಗುವಂಥ ಮಾರ್ಪಾಡು ಮಾಡುವಂತಿಲ್ಲ. ಅಪಘಾತವಾದರೆ ವಿಮೆ ಕಂಪನಿ ಮೊದಲು ಹುಡುಕುವುದೂ ಇದನ್ನೇ.

ಬ್ರೇಕ್, ಟೈರ್

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಹಿಂದಿನ ಡ್ರಮ್ ಬಿಚ್ಚಿಸಿ ಒಳಗಿನ ಧೂಳು ತೆಗೆಸಿ, ಸಿಲಿಂಡರ್ ರಬ್ಬರ್ ಎತ್ತಿ ತೇವ ಇದೆಯೇ ನೋಡಿಸಿ. ಡ್ರಮ್ ಗೀರಿದ್ದರೆ ಬೆಳಗಾವಿಯ ಉದ್ಯಮಬಾಗ ಕಡೆ ಲೇತ್ ಕೆಲಸಕ್ಕೆ ಕೊರತೆಯಿಲ್ಲ. ಆದರೆ ಡ್ರಮ್ ಮೇಲೆ ಕೊರೆದಿರುವ ಗರಿಷ್ಠ ಅಳತೆ ದಾಟಿದ್ದರೆ ಹೊಸದೇ ಬೇಕು. ಹ್ಯಾಂಡ್ ಬ್ರೇಕನ್ನು ಲೋಡ್ ಸಮೇತ ಏರಿನಲ್ಲಿ ಪರೀಕ್ಷಿಸಿ.

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2321 ಅಂದರೆ 2021ರ 23ನೇ ವಾರ. ಹೂವು (ನೆಲಕ್ಕೆ ತಾಗುವ ಕಡೆಯ ಗೆರೆಗಳು) ಚೆನ್ನಾಗಿದ್ದರೂ ಪಕ್ಕದಲ್ಲಿ ಸಣ್ಣ ಬಿರುಕು ಬಿದ್ದ ಹಳೆ ಟೈರ್ ಬೇಸಿಗೆಯ ಲೋಡ್‌ಗೆ ಬೇಡ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದಿದ್ದರೆ ಕಡಿಮೆ, ಒಂದೇ ಅಂಚಾದರೆ ಅಲೈನ್‌ಮೆಂಟ್. ಖಾಲಿ ಗಾಡಿಗೂ ಲೋಡ್ ಗಾಡಿಗೂ ಗಾಳಿ ಬೇರೆ ಬೇರೆ. ಬಾಗಿಲ ಕಂಬದ ಸ್ಟಿಕರ್ ನೋಡಿ, ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಹಾಕಿಸಿ. ಸೈಜ್ ಒಂದೇ ಇದ್ದರೂ ಕಾರಿನ ಟೈರ್ ಹಾಕಬೇಡಿ, ಟೈರ್ ಎಷ್ಟು ಭಾರ ತಡೆಯುತ್ತದೆ ಅಂತ ಹೇಳುವ ಭಾರದ ಸೂಚ್ಯಂಕ ಹೊಂದಲೇಬೇಕು.

ಈಗ ಅಪ್‌ಗ್ರೇಡ್

ನನ್ನ ಮೊದಲ ಆಯ್ಕೆ ಹೆಡ್‌ಲೈಟ್. ಅಕ್ಟೋಬರ್, ನವೆಂಬರ್‌ನಲ್ಲಿ ಕಬ್ಬಿನ ಸೀಸನ್ ಶುರುವಾದರೆ ಜಮಖಂಡಿ, ಮುಧೋಳ, ಗೋಕಾಕ, ಚಿಕ್ಕೋಡಿ ರಸ್ತೆಗಳಲ್ಲಿ ರಾತ್ರಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು ಸಾಗುತ್ತವೆ. ಎಷ್ಟೋ ಟ್ರೇಲರ್‌ಗೆ ಹಿಂದೆ ಒಂದು ದೀಪವೂ ಇರುವುದಿಲ್ಲ. ಹಾಗಂತ ಅಗ್ಗದ ಎಲ್‌ಇಡಿ ಬಲ್ಬ್ ತುರುಕಬೇಡಿ. ಹ್ಯಾಲೋಜನ್‌ಗೆ ಮಾಡಿದ ರಿಫ್ಲೆಕ್ಟರ್‌ನಲ್ಲಿ ಅದರ ಬೆಳಕು ಚದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ನಿಮಗೆ ರಸ್ತೆಯ ಅಂಚು ಕಾಣುವುದಿಲ್ಲ. ಮಂಜಾದ ಗ್ಲಾಸ್ ಬದಲಿಸಿ, ಒಳ್ಳೆಯ 60/55 ವ್ಯಾಟ್ ಬಲ್ಬ್ ಹಾಕಿ, ದಪ್ಪ ವೈರ್ ಮತ್ತು ರಿಲೇ (ಬ್ಯಾಟರಿಯಿಂದ ನೇರ ಕರೆಂಟ್ ಬಿಡುವ ಸ್ವಿಚ್) ಹಾಕಿಸಿ. ಹಳೆ ಗಾಡಿಯಲ್ಲಿ ಸ್ವಿಚ್ ಮೂಲಕವೇ ಕರೆಂಟ್ ಹರಿದು ಬಲ್ಬ್ ತನಕ ಬರುವಷ್ಟರಲ್ಲಿ ವೋಲ್ಟೇಜ್ ಬಿದ್ದಿರುತ್ತದೆ. ರಿಲೇ ಹಾಕಿದರೆ ಅದೇ ಬಲ್ಬ್ ಬೆಳಗುವ ರೀತಿಯೇ ಬೇರೆ.

ಅದಕ್ಕೂ ಮೊದಲು ಬ್ಯಾಟರಿ ನೋಡಿಸಿ. ಎಂಜಿನ್ ನಿಂತಾಗ 12.6 ವೋಲ್ಟ್ ಸುತ್ತ, ಓಡುವಾಗ 13.8ರಿಂದ 14.4ರ ಒಳಗೆ ಇರಬೇಕು. ಎಂಜಿನ್‌ನಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿ ತುಕ್ಕು ಹಿಡಿದಿದ್ದರೆ ಎಷ್ಟೋ ವಿಚಿತ್ರ ತೊಂದರೆಗಳು ಬರುತ್ತವೆ. ಫ್ಯೂಸ್ ಜಾಗಕ್ಕೆ ತಂತಿ ಸುತ್ತಿದ್ದರೆ ಇವತ್ತೇ ತೆಗೆಯಿರಿ, ಗಾಡಿಗೆ ಬೆಂಕಿ ಬೀಳುವುದು ಹೀಗೆಯೇ.

ಆಮೇಲೆ ರಿಫ್ಲೆಕ್ಟರ್ ಟೇಪ್: ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು. ಎಪಿಎಂಸಿ ಗದ್ದಲದಲ್ಲಿ ಹಿಂದೆ ತೆಗೆಯುವವರಿಗೆ ರಿವರ್ಸ್ ಕ್ಯಾಮೆರಾ ಒಳ್ಳೆಯದು, ಹಿಂದೆ ಮಕ್ಕಳಿದ್ದರೆ ಕನ್ನಡಿಯಲ್ಲಿ ಕಾಣುವುದಿಲ್ಲ. ಬಾಡಿ ನೆಲಕ್ಕೆ ದಪ್ಪ ರಬ್ಬರ್ ಮ್ಯಾಟ್ ಸಾಕು, ಆದರೆ ನೀರು ಇಳಿಯುವ ತೂತು ಮುಚ್ಚಬೇಡಿ, ತಿಂಗಳಿಗೊಮ್ಮೆ ಎತ್ತಿ ಒಣಗಿಸಿ. ಈರುಳ್ಳಿಗೆ ಗಾಳಿ ಆಡಬೇಕು, ಬೆಲ್ಲಕ್ಕೆ ಒಂದು ಹನಿ ನೀರೂ ತಾಗಬಾರದು. ಹಾಗಾಗಿ ಎರಡೂ ಸಾಗಿಸುವವರು ಒಂದು ನೆಟ್, ಒಂದು ಒಳ್ಳೆಯ ತಾಡಪತ್ರಿ ಇಟ್ಟುಕೊಳ್ಳಿ. ಸೊಂಟ ನೋವಿರುವ ಡ್ರೈವರ್‌ಗೆ ಸೀಟಿನ ಫೋಮ್ ಬದಲಿಸಿ ಕೊಡಿ. ಇದನ್ನು ಯಾರೂ ಅಪ್‌ಗ್ರೇಡ್ ಅನ್ನುವುದಿಲ್ಲ. ಆದರೆ ದಿನವಿಡೀ ಗಾಡಿಯಲ್ಲಿ ಕೂರುವವನು ಅವನೇ ಅಲ್ವಾ?

ಚೋರ್ಲಾ ಘಾಟಿಗೆ ಹೋಗುವವರಿಗೆ

ಬೆಳಗಾವಿಯಿಂದ ಚೋರ್ಲಾ ಮೂಲಕ ಗೋವಾಕ್ಕೆ ತರಕಾರಿ ಒಯ್ಯುವವರು ಹಿಂದಿನ ದಿನವೇ ಬ್ರೇಕ್, ಕೂಲೆಂಟ್, ವೈಪರ್ ನೋಡಿಕೊಳ್ಳಿ. ಮಳೆಗಾಲದಲ್ಲಿ ಅಲ್ಲಿ ಮಂಜು ದಟ್ಟ. ಇಳಿಯುವಾಗ ಯಾವ ಗೇರಿನಲ್ಲಿ ಹತ್ತಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯಿರಿ. ನ್ಯೂಟ್ರಲ್ ಹಾಕಿ ಡೀಸೆಲ್ ಉಳಿಸುವ ಯೋಚನೆ ಬೇಡ. ಇಂದಿನ ಡೀಸೆಲ್ ಎಂಜಿನ್ ಗೇರಿನಲ್ಲಿ ಇಳಿಯುವಾಗ, ಆಕ್ಸಿಲರೇಟರ್ ಬಿಟ್ಟರೆ, ಇಂಧನವನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಐಡಲ್‌ಗೆ ಡೀಸೆಲ್ ಬೇಕೇ ಬೇಕು. ಬ್ರೇಕನ್ನು ಉದ್ದಕ್ಕೂ ಒತ್ತಿ ಹಿಡಿಯಬೇಡಿ. ಒಮ್ಮೆ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ, ಬೇಕಾದಾಗ ಮತ್ತೆ ಒತ್ತಿ. ಸುಟ್ಟ ವಾಸನೆ ಬಂದರೆ ಅಥವಾ ಪೆಡಲ್ ಮೆತ್ತಗಾದರೆ ಅಗಲ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ, ಅರ್ಧ ಗಂಟೆ ಆರಲು ಬಿಡಿ. ಬಿಸಿ ಡಿಸ್ಕ್ ಮೇಲೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ.